ರೊಟ್ಟಿ ವೈನಿದು, ಗಿರಾಕಿ ಆ್ಯಪ್‌ದು

ಹೋದ ತಿಂಗಳು ಒಂದು ರಾತ್ರಿ ಹಾಸಿಗೆ ಮೇಲೆ ಬಿದ್ದುಕೊಂಡೇ ಆ್ಯಪಿನಲ್ಲಿ ಊಟ ತರಿಸಿದೆ. ನಾಲ್ಕು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಹತ್ತು ನಿಮಿಷಕ್ಕೆ ವೈನಿ (ಅಣ್ಣನ ಹೆಂಡತಿ) ಫೋನು. "ಏನೋ ತಮ್ಮಾ, ನಾಲ್ಕು ಓಣಿ ದಾಟಿದ್ರ ನಮ್ಮ ಖಾನಾವಳಿ ಐತಿ. ನಮ್ಮ ರೊಟ್ಟಿ ತಿನ್ನಾಕ ನಡುವ ಅವರಿಗೆ ಯಾಕ ರೊಕ್ಕಾ ಕೊಡ್ತಿ?" ಆರ್ಡರ್ ಚೀಟಿಯಲ್ಲಿ ನನ್ನ ಹೆಸರು ನೋಡಿದ್ದರು. ನಾಚಿಕೆ ಆಯ್ತು. ಆದರೂ ನಿಜ ಹೇಳ್ತೀನಿ, 40 ರೂಪಾಯಿ ರಿಯಾಯಿತಿ ಕಾಣಿಸ್ತು, ಅದಕ್ಕೇ ಒತ್ತಿಬಿಟ್ಟೆ.

ಮರುದಿನ ಗಾಂಧಿ ಚೌಕಕ್ಕೆ ಹೋದವನು ಖಾನಾವಳಿಗೆ ಹೋಗಿ ಕೂತೆ. ಅಣ್ಣ ತನ್ನ ಫೋನಿನಲ್ಲಿ ಲೆಕ್ಕ ತೋರಿಸಿದ. ಊಟದ ಬೆಲೆ 220. ಆ 40 ರೂಪಾಯಿ ರಿಯಾಯಿತಿ ಆ್ಯಪಿನವರು ಕೊಟ್ಟಿದ್ದು ಅಂದುಕೊಂಡಿದ್ದೆ, ಅದು ಅಣ್ಣನ ಜೇಬಿಂದ ಹೋಗಿತ್ತು. ಉಳಿದ 180ಕ್ಕೆ ನೂರಕ್ಕೆ 25ರಂತೆ ಕಮಿಷನ್ 45. ಆ ಕಮಿಷನ್ ಮೇಲೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ, 8 ರೂಪಾಯಿ 10 ಪೈಸೆ. ಕೈಗೆ ಬಂದಿದ್ದು 126 ರೂಪಾಯಿ 90 ಪೈಸೆ. ಹಿಟ್ಟು, ಗ್ಯಾಸ್, ರೊಟ್ಟಿ ಬಡಿಯೋ ಇಬ್ಬರು ಹೆಣ್ಣುಮಕ್ಕಳ ಪಗಾರ, ಎಲ್ಲ ಇದರಲ್ಲೇ ಆಗಬೇಕು.

"ಬಿಟ್ಟುಬಿಡು ಮತ್ತ" ಅಂದೆ.

"ಬಿಟ್ರ ರಾತ್ರಿ ಗಿರಾಕಿ ಅರ್ಧ ಹೋಗ್ತಾರ" ಅಂದ.

ವಿಜಯಪುರ ಜಿಲ್ಲೆಯ ಟಿಕೋಟಾ ಕಡೆಯ ರೈತರು ಒಣದ್ರಾಕ್ಷಿ ತುಂಬಿಕೊಂಡು ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ್ ಪೇಟೆಗೆ ಹೋಗೋದು ನಮಗೆಲ್ಲ ಗೊತ್ತು. ಯಾಕೆ ಹೋಗ್ತಾರೆ? ಖರೀದಿ ಮಾಡೋರು ಅಲ್ಲಿ ಕೂಡ್ತಾರೆ. ಅವರು ಯಾಕೆ ಅಲ್ಲೇ ಕೂಡ್ತಾರೆ? ಮಾಲು ಅಲ್ಲಿಗೆ ಬರುತ್ತೆ. ಆ್ಯಪಿನ ಆಟವೂ ಇದೇ, ಹೊಸದೇನಲ್ಲ. ಆದರೆ ಪೇಟೆಯಲ್ಲಿ ಸಾಲಾಗಿ ಅಡತಿ ಅಂಗಡಿಗಳಿರುತ್ತವೆ, ಒಬ್ಬ ದಲಾಲಿ ಜಾಸ್ತಿ ಕಿತ್ತರೆ ಮುಂದಿನ ವರ್ಷ ಚೀಲ ಪಕ್ಕದವನ ಅಂಗಡಿಯಲ್ಲಿ ಇಳಿಸಬಹುದು. ಪೇಟೆಗೂ ಒಂದು ಮಿತಿ ಇದೆ, ಇನ್ನೊಂದು ನೂರು ಲಾರಿ ಬಂದರೆ ಜಾಗ ಬೇಕು, ಹಮಾಲರು ಬೇಕು, ಕೋಲ್ಡ್ ಸ್ಟೋರೇಜ್ ಬೇಕು. ಆ್ಯಪಿಗೆ ಇನ್ನೊಂದು ಲಕ್ಷ ಜನರ ಹೆಸರು ಸೇರಿಸಿಕೊಳ್ಳೋಕೆ ಹೆಚ್ಚೇನೂ ಖರ್ಚಿಲ್ಲ. (ತಂದುಕೊಡೋ ಹುಡುಗನ ಪೆಟ್ರೋಲ್ ಬೇರೆ ಮಾತು. ಅವನ ಕಥೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ.)

ಹಿಂದೆ ಮಾಲು ಯಾರ ಕೈಲಿತ್ತೋ ಜೋರು ಅವರದಾಗಿತ್ತು. ಇಳಕಲ್ಲಿನಲ್ಲಿ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾವ್ಕಾರರನ್ನ ನೆನೆಸಿಕೊಳ್ಳಿ, ನೇಕಾರ ಅವರ ಮಾತು ಮೀರೋ ಹಾಗಿರಲಿಲ್ಲ. ಆ್ಯಪಿನವರ ಹತ್ತಿರ ಹಂಚೂ ಇಲ್ಲ, ಒಲೆಯೂ ಇಲ್ಲ. ಇರೋದು ನನ್ನಂಥ ಸೋಮಾರಿಗಳ ಬೆರಳಿನ ರೂಢಿ. ಅದೊಂದು ಸಿಕ್ಕರೆ ಸಾಕು, ಖಾನಾವಳಿಗಳು ತಾವಾಗಿ ಬಂದು ಸಾಲಲ್ಲಿ ನಿಲ್ಲುತ್ತವೆ. ಬಂದ ಮೇಲೆ ಎಲ್ಲವೂ ಒಂದೇ ಅಳತೆಯ ಒಂದೊಂದು ಫೋಟೋ, ಅಷ್ಟೇ. ವೈನಿಯ ಎಣಗಾಯಿ ಮೇಲೆ ಕಾಣಬೇಕಾ ಕೆಳಗೆ ಕಾಣಬೇಕಾ ಅನ್ನೋದು ಅವರ ಇಷ್ಟ. ಮೇಲೆ ಬರಬೇಕಾದರೆ ಜಾಹೀರಾತಿಗೆ ಬೇರೆ ದುಡ್ಡು.

ನನಗೆ ಹೆಚ್ಚು ಚುಚ್ಚೋದು ಕಮಿಷನ್ ಅಲ್ಲ. ತಿಂಗಳ ಊಟದ ಗಿರಾಕಿಗಳಲ್ಲಿ ಯಾರಿಗೆ ಖಾರ ಕಡಿಮೆ, ಯಾರು ಸೋಮವಾರ ಉಳ್ಳಾಗಡ್ಡಿ ತಿನ್ನಲ್ಲ, ಯಾರ ಉದ್ರಿ ಎಷ್ಟು, ಎಲ್ಲ ವೈನಿಗೆ ಬಾಯಿಪಾಠ. ಆ್ಯಪಿಂದ ವಾರಕ್ಕೆ ಮೂರು ಸಲ ತರಿಸೋರು ಯಾರು ಅಂದರೆ ಗೊತ್ತಿಲ್ಲ. ಒಂದು ಹೆಸರು ಬರುತ್ತೆ, ಫೋನ್ ನಂಬರ್ ಸಿಗಲ್ಲ. ಎರಡು ವರ್ಷ ಇವರ ಕೈರೊಟ್ಟಿ ತಿಂದವರು ಆ್ಯಪಿನ ಗಿರಾಕಿಯಾಗಿಯೇ ಉಳಿದಿದ್ದಾರೆ.

ಕಾನೂನು ಇಲ್ವಾ ಅಂತ ಕೇಳ್ತೀರಿ. ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘದ ದೂರಿನ ಮೇಲೆ 2022ರ ಏಪ್ರಿಲ್‌ನಲ್ಲಿ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡೋ ಸ್ಪರ್ಧಾ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಬಗ್ಗೆ ತನಿಖೆಗೆ ಆದೇಶ ಕೊಟ್ಟಿತು. ತೊಡಕು ಏನಪ್ಪಾ ಅಂದ್ರೆ, ಏಕಸ್ವಾಮ್ಯ ಅಂದಕೂಡಲೇ ನಾವು ಗಿರಾಕಿಗೆ ಬೆಲೆ ಏರಿತಾ ಅಂತ ನೋಡ್ತೀವಿ. ಇಲ್ಲಿ ಗಿರಾಕಿ ಖುಷಿಯಾಗೇ ಇದ್ದಾನೆ, ಹಿಂಡೋದು ಒಲೆ ಕಡೆಯವರನ್ನ.

ಸರ್ಕಾರದ ಬೆಂಬಲದಿಂದ 2021ರ ಕೊನೆಯಲ್ಲಿ ಓಎನ್‌ಡಿಸಿ ಅಂತ ಒಂದು ಮುಕ್ತ ಆನ್‌ಲೈನ್ ವ್ಯಾಪಾರದ ಜಾಲ ಶುರುವಾಯ್ತು. ಯಾವ ಆ್ಯಪಿನಲ್ಲಿ ಹುಡುಕಿದರೂ ಯಾವುದೇ ಅಂಗಡಿ ಸಿಗಲಿ ಅನ್ನೋ ಲೆಕ್ಕ. ಒಳ್ಳೇದೇ. ಆದರೆ ರಸ್ತೆ ಹಾಕಿದರೆ ಸಂತೆ ತಾನಾಗಿ ಎದ್ದು ಬರಲ್ಲ. ಬೆಂಗಳೂರಿನಲ್ಲಿ 'ನಮ್ಮ ಯಾತ್ರಿ' ಅನ್ನೋ ಆಟೋ ಆ್ಯಪ್ ನಡೀತು, ಯಾಕಂದ್ರೆ ಆಟೋದವರ ಸಂಘವೇ ಜೊತೆಗಿತ್ತು, ಕಮಿಷನ್ ಬದಲು 2023ರಲ್ಲಿ ದಿನಕ್ಕೆ 25 ರೂಪಾಯಿ ಶುಲ್ಕ ಬಂತು. ನಮ್ಮೂರಿನ ಖಾನಾವಳಿಯವರೆಲ್ಲ ಒಟ್ಟಿಗೆ ಕೂತು ಮಾತಾಡಿದ್ದು ನಾನಂತೂ ನೋಡಿಲ್ಲ. ಎದುರಿನವನು 50 ರಿಯಾಯಿತಿ ಕೊಟ್ಟರೆ ಇವರು 60 ಹಾಕ್ತಾರೆ.

ವೈನಿ ಈಗ ಪ್ರತಿ ಪೊಟ್ಟಣದಲ್ಲಿ ಕೈಬರಹದ ಒಂದು ಚೀಟಿ ಇಡ್ತಾರೆ, ಖಾನಾವಳಿ ನಂಬರ್ ಬರೆದು. ತಿಂಗಳಲ್ಲಿ ಹನ್ನೊಂದು ಜನ ಫೋನ್ ಮಾಡಿದರಂತೆ. ಅದರಲ್ಲಿ ಏಳು ಜನ ಕೇಳಿದ್ದು, "ಆ್ಯಪಿನ್ಯಾಗ ಇರೋ ರೇಟಿಗಿಂತ ಎಷ್ಟು ಕಮ್ಮಿ ಮಾಡ್ತೀರಿ?"

ನಾನು ಫೋನ್ ಮಾಡಿ, ನಡೆದು ಹೋಗಿ ತರ್ತಿದ್ದೀನಿ. ಮೊನ್ನೆ ಸಂಜೆ ಮಳೆ ಜೋರಾಗಿ ಹಿಡೀತು. ಅವತ್ತು ಬೇರೆ ಹೆಸರಲ್ಲಿ ಆರ್ಡರ್ ಮಾಡಿದೆ.