ಹೊರೆ ಹೊರದವರ ವಿಜಯಯಾತ್ರೆ

ಪೆರು ದೇಶದ ಆಂಡೀಸ್ ಪರ್ವತಗಳ ನಡುವೆ, ಇಂಕಾ ಸಾಮ್ರಾಜ್ಯದ ಕಾಲದ ಪಾಳುನಗರ ಮಾಚು ಪಿಚುವಿಗೆ ಹೋಗುವ ಇಂಕಾ ಹಾದಿಗೆ ದಿನವೊಂದಕ್ಕೆ 500 ಮಂದಿಯನ್ನು ಮಾತ್ರ ಬಿಡಬೇಕೆಂಬುದು ಅಲ್ಲಿನ ಸರ್ಕಾರದ ನಿಯಮ. ಈ 500ರಲ್ಲಿ ಪ್ರವಾಸಿಗರ ಪಾಲು ಸುಮಾರು 200. ಉಳಿದವರು ಗೈಡುಗಳು, ಅಡುಗೆಯವರು ಮತ್ತು ಹೊರೆ ಹೊರುವ ಪೋರ್ಟರುಗಳು. ಅಂದರೆ, 200 ಮಂದಿ ಸ್ವಂತ ಕಾಲಿನ ಮೇಲೆ ಸಾಹಸ ಮಾಡಬೇಕಾದರೆ 300 ಮಂದಿಯ ನೆರವು ಬೇಕೆಂಬುದನ್ನು ಸರ್ಕಾರವೇ ಲೆಕ್ಕ ಹಾಕಿ ಒಪ್ಪಿಕೊಂಡಿದೆ. ಒಪ್ಪಿಕೊಳ್ಳದೆ ಉಳಿದಿರುವವರು ಫೋಟೊ ಹಾಕಿಕೊಳ್ಳುವವರು ಮಾತ್ರ.

ಅಮೆರಿಕದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳೋಣ. ಅಂಥದೊಂದು ಕುಟುಂಬ ಈಗ ಎಲ್ಲರ ನೆಂಟರ ಪೈಕಿಯೂ ಇರುವುದರಿಂದ ಊಹೆಗೆ ಶ್ರಮವಿಲ್ಲ. ಗಂಡ, ಹೆಂಡತಿ, ಹೈಸ್ಕೂಲಿನ ಮಗ, ಅವನಿಗಿಂತ ಚಿಕ್ಕ ಮಗಳು. ಮಾನ್ಯತೆ ಪಡೆದ ಏಜೆನ್ಸಿ ಮತ್ತು ಗೈಡ್ ಇಲ್ಲದೆ ಈ ಹಾದಿಯಲ್ಲಿ ಹೆಜ್ಜೆಯಿಡುವಂತಿಲ್ಲ. ಪರವಾನಗಿ ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಒಬ್ಬರ ಬದಲು ಇನ್ನೊಬ್ಬರು ಹೋಗುವಂತಿಲ್ಲ. ದುರಸ್ತಿಗೆಂದು ಫೆಬ್ರವರಿಯಿಡೀ ಹಾದಿ ಮುಚ್ಚಿರುತ್ತದೆ. ಆದ್ದರಿಂದ ಅವರು ತಿಂಗಳುಗಳ ಮೊದಲೇ ಹಣ ಕಟ್ಟಿ ತರಬೇತಿಗೆ ಇಳಿಯುತ್ತಾರೆ. ಆಫೀಸಿನಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ, ಹೊಸ ಬೂಟುಗಳನ್ನು ಅಡುಗೆಮನೆಯಲ್ಲೇ ಹಾಕಿಕೊಂಡು ಓಡಾಡುತ್ತಾರೆ. ಪೋರ್ಟರಿಗೆ ಒಪ್ಪಿಸುವ ಚೀಲ ಮಲಗುವ ಚೀಲವೂ ಸೇರಿ ತಲೆಗೆ ಏಳು ಕಿಲೊ ಮೀರಬಾರದೆಂದು ಏಜೆನ್ಸಿಯವರು ಹೇಳಿರುವುದರಿಂದ, ಚಟ್ನಿಪುಡಿಯ ಡಬ್ಬಿ ಇರಬೇಕೋ ಎರಡನೆಯ ಜಾಕೆಟ್ ಇರಬೇಕೋ ಎಂಬ ಬಗ್ಗೆ ದಂಪತಿಗಳ ನಡುವೆ ದೀರ್ಘ ಮಾತುಕತೆ ನಡೆದು, ಚಟ್ನಿಪುಡಿಯೂ ಜಾಕೆಟ್ಟೂ ಎರಡೂ ಹೊರಡುತ್ತವೆ. ಹೇಗೂ ಹೊರುವವರು ತಾವಲ್ಲವಲ್ಲ.

ರೈಲುಮಾರ್ಗದ 82ನೆಯ ಕಿಲೊಮೀಟರಿನಲ್ಲಿರುವ ಪಿಸ್ಕಕುಚೊದಿಂದ ನಡಿಗೆ ಆರಂಭವಾಗುತ್ತದೆ. ಅಲ್ಲಿನ ತಪಾಸಣೆಯ ಕಟ್ಟೆಯಲ್ಲಿ ಪ್ರವಾಸಿಗನ ಪಾಸ್‌ಪೋರ್ಟನ್ನು ನೋಡುತ್ತಾರೆ, ಪೋರ್ಟರಿನ ಹೊರೆಯನ್ನು ತೂಗುತ್ತಾರೆ. ಹೊರೆಗೆ ಮಿತಿ ಹಾಕುವ ಕಾನೂನು ಬಂದದ್ದು 2001ರಲ್ಲಿ. ಸಾಮ್ರಾಜ್ಯ ಕಟ್ಟಿದವರ ಮೊಮ್ಮಕ್ಕಳ ಮರಿಮಕ್ಕಳು ಎಷ್ಟು ಕಿಲೊ ಹೊತ್ತರೆ ನ್ಯಾಯ ಎಂದು ಯೋಚಿಸಲು ಗಣರಾಜ್ಯಕ್ಕೆ ಇಪ್ಪತ್ತೊಂದನೆಯ ಶತಮಾನ ಬೇಕಾಯಿತು. ಹೇಸರಗತ್ತೆ, ಕುದುರೆಗಳಿಗೆ ಈ ಹಾದಿಯಲ್ಲಿ ಪ್ರವೇಶವಿಲ್ಲ. ಅವುಗಳ ಗೊರಸಿನಿಂದ ಇಂಕಾ ಕಾಲದ ಕಲ್ಲುಹಾಸು ಕೆಡುತ್ತದೆ. ಮನುಷ್ಯರ ಮೊಣಕಾಲು ಕೆಟ್ಟರೆ ಪರಂಪರೆಗೆ ಹಾನಿಯಿಲ್ಲವೆಂಬ ಕಾರಣಕ್ಕೆ ಆ ಕೆಲಸವನ್ನು ಅವರಿಗೆ ವಹಿಸಲಾಗಿದೆ. ಪ್ರವಾಸಿಗರ ಊರುಗೋಲಿನ ತುದಿಗೂ ರಬ್ಬರ್ ಬಿರಡೆ ಕಡ್ಡಾಯವಾಗಿರುವಷ್ಟು ಕಲ್ಲುಗಳ ಮೇಲೆ ಕಾಳಜಿಯಿದೆ.

ಆ ಹೊರೆಗಳಲ್ಲಿ ಏನೇನಿರುತ್ತದೆ ಎಂಬುದು ಗಮನಾರ್ಹ. ಮಲಗುವ ಡೇರೆಗಳು, ಊಟದ ದೊಡ್ಡ ಡೇರೆ, ಮಡಚುವ ಮೇಜು, ಸ್ಟೂಲುಗಳು, ಗ್ಯಾಸ್ ಸಿಲಿಂಡರ್, ಮೊಟ್ಟೆ, ತರಕಾರಿ, ಮತ್ತು ಒಂದು ಪ್ರತ್ಯೇಕ ಡೇರೆಯೊಳಗೆ ಸ್ಥಾಪಿಸಲ್ಪಡುವ ಕಮೋಡು. ನಾಗರಿಕತೆಯಿಂದ ದೂರ ಹೋಗಬೇಕೆಂದು ಸಾವಿರಾರು ಡಾಲರ್ ಕೊಟ್ಟ ಕುಟುಂಬದ ಹಿಂದೆಯೇ ನಾಗರಿಕತೆಯನ್ನು ಮಡಚಿ, ಹಗ್ಗ ಬಿಗಿದು, ಬೆನ್ನಿಗೇರಿಸಿಕೊಂಡು ಕ್ವೆಚುವಾ ಮಾತನಾಡುವ ರೈತರು ಹೊರಡುತ್ತಾರೆ. ಅರ್ಧ ಗಂಟೆಯಲ್ಲಿ ಕುಟುಂಬವನ್ನು ಹಿಂದಿಕ್ಕಿ ಓಡಿ ಕಣ್ಮರೆಯಾಗುತ್ತಾರೆ. ಸಂಜೆ ಏದುಸಿರು ಬಿಡುತ್ತ ಶಿಬಿರಕ್ಕೆ ಬರುವ ಹೊತ್ತಿಗೆ ಡೇರೆ ಎದ್ದಿರುತ್ತದೆ, ಮುಖ ತೊಳೆಯಲು ಬಿಸಿನೀರಿನ ಬೋಗುಣಿ ಸಿದ್ಧವಿರುತ್ತದೆ, ಚಹಾದ ಜೊತೆ ಪಾಪ್‌ಕಾರ್ನ್ ಬರುತ್ತದೆ. ಇದಕ್ಕೆಲ್ಲ ಕಳಶವಿಟ್ಟಂತೆ, ಪೋರ್ಟರುಗಳು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಮನೆಯನ್ನೇ ಹೊತ್ತು ಓಡಿಬಂದವರು, ನೀರಿನ ಬಾಟಲಿಯೊಂದನ್ನು ಹೊತ್ತು ನಡೆದುಬಂದವರ ಸಾಹಸವನ್ನು ಅಭಿನಂದಿಸುವ ಇಂಥ ಸಮಾರಂಭ ಜಗತ್ತಿನ ಬೇರೆ ಯಾವ ಉದ್ಯೋಗದಲ್ಲೂ ಇರಲಾರದೆಂದು ಹೇಳಬೇಕೆಂದಿದ್ದೆ. ಆದರೆ ನಮ್ಮ ಕಚೇರಿಗಳ ವಾರ್ಷಿಕೋತ್ಸವಗಳು ನೆನಪಾಗಿ ಸುಮ್ಮನಾಗುತ್ತೇನೆ.

ಎರಡನೆಯ ದಿನ ವಾರ್ಮಿವನ್ಯುಸ್ಕ ಕಣಿವೆದಾರಿ. ಎತ್ತರ 4,215 ಮೀಟರ್. ಮಾಚು ಪಿಚುವೇ 2,430 ಮೀಟರಿನಲ್ಲಿರುವುದರಿಂದ, ಇಳಿಯಬೇಕಾದ ಜಾಗಕ್ಕೆ ಹತ್ತಿ ಹೋಗುವ ಈ ಕ್ರಮದ ಬಗ್ಗೆ ಮಗಳು ಎತ್ತುವ ತಕರಾರಿನಲ್ಲಿ ನ್ಯಾಯವಿದೆ. ಅಲ್ಲಿ ತೆಗೆದ ಫೋಟೊದಲ್ಲಿ ನಾಲ್ವರೂ ಕೈ ಮೇಲೆತ್ತಿದ್ದಾರೆ. ಊರು ಮುಟ್ಟಿ ಸಿಗ್ನಲ್ ಸಿಕ್ಕೊಡನೆ ಅದು ‘ಇಂಕಾ ಹಾದಿಯನ್ನು ಗೆದ್ದೆವು’ ಎಂಬ ಘೋಷಣೆಯೊಂದಿಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಬರುತ್ತದೆ. ಹಾಸನದಲ್ಲಿರುವ ಗಂಡನ ತಾಯಿ ಬಹಳ ಹೊತ್ತು ನೋಡಿ, “ಸಾಮಾನೆಲ್ಲ ಯಾರು ಹೊತ್ತರಪ್ಪ?” ಎಂದು ಕೇಳುತ್ತಾರೆ. “ಟೀಮ್ ಇತ್ತಮ್ಮ” ಎಂದು ಮಗ ಉತ್ತರಿಸುತ್ತಾನೆ.

ಈ ಉತ್ತರಕ್ಕೆ ನೂರು ವರ್ಷಗಳಿಗೂ ಮೀರಿದ ಪರಂಪರೆಯಿದೆ. 1911ರ ಜುಲೈ 24ರಂದು ಯೇಲ್ ವಿಶ್ವವಿದ್ಯಾಲಯದ ಹೈರಮ್ ಬಿಂಗಮ್ ಈ ಬೆಟ್ಟ ಹತ್ತಿ ಮಾಚು ಪಿಚುವನ್ನು ‘ಕಂಡುಹಿಡಿದರು’. ದಾರಿ ತೋರಿಸಿದವನು ಮೆಲ್ಚೋರ್ ಆರ್ತಿಯಾಗ ಎಂಬ ಸ್ಥಳೀಯ ರೈತ. ಆತನಿಗೆ ಸಿಕ್ಕಿದ ಕೂಲಿ ಪೆರುವಿನ ನಾಣ್ಯದಲ್ಲಿ ಒಂದು ಸೋಲ್. ಮೇಲೆ ಹೋದರೆ ಯಾರಿಗೂ ಗೊತ್ತಿಲ್ಲದ ಆ ನಗರದ ಮೆಟ್ಟಿಲುಹೊಲಗಳಲ್ಲಿ ರೈತ ಕುಟುಂಬಗಳು ಬೆಳೆ ತೆಗೆಯುತ್ತಿದ್ದವು, ಮತ್ತು ಒಬ್ಬ ಹುಡುಗ ಅತಿಥಿಯನ್ನು ಅವಶೇಷಗಳಿಗೆ ಕರೆದೊಯ್ದ. ಮೂರು ಕಿಟಕಿಗಳ ಗುಡಿಯ ಗೋಡೆಯ ಮೇಲೆ ಅಗುಸ್ತೀನ್ ಲಿಸಾರಾಗ ಎಂಬಾತ 1902ರಲ್ಲೇ ಇದ್ದಿಲಿನಿಂದ ಬರೆದ ಹೆಸರೂ ಇತ್ತು. ಗೋಡೆಯ ಮೇಲೆ ಹೆಸರು ಬರೆಯುವುದು ಕೆಟ್ಟ ಚಾಳಿ, ನಿಜ. ಪುಸ್ತಕದ ರಕ್ಷಾಪುಟದ ಮೇಲೆ ಬರೆದರೆ ಅದು ಸಂಶೋಧನೆ. ಅಧ್ಯಯನಕ್ಕೆಂದು ಯೇಲ್‌ಗೆ ಹೋದ ಸಾವಿರಾರು ವಸ್ತುಗಳು ಪೆರುವಿಗೆ ಮರಳಿದ್ದು 2011 ಮತ್ತು 2012ರಲ್ಲಿ, ಅದೂ ಸರ್ಕಾರ ಮೊಕದ್ದಮೆ ಹೂಡಿದ ನಂತರ. ಅಷ್ಟೊಂದು ನಿಧಾನವಾಗಿ ಅಧ್ಯಯನ ಮಾಡುವ ವಿದ್ವಾಂಸರು ಈಗ ಅಪರೂಪ.

ನಾಲ್ಕನೆಯ ದಿನ ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಕುಟುಂಬವನ್ನು ಎಬ್ಬಿಸುತ್ತಾರೆ. ಐದೂವರೆಗೆ ತೆರೆಯುವ ಗೇಟಿನ ಮುಂದೆ ಕತ್ತಲಲ್ಲಿ ಸಾಲಾಗಿ ಕೂರಬೇಕು. ಸೂರ್ಯೋದಯಕ್ಕಾಗಿ ಎಂದು ಹೇಳಲಾಗುತ್ತದೆ. ಡೇರೆ ಮಡಚಿದ ಪೋರ್ಟರುಗಳು ಬೆಳಗಿನ ರೈಲು ಹಿಡಿಯಬೇಕೆಂಬುದು ಅಷ್ಟು ಸೊಗಸಾಗಿ ಕೇಳಿಸದ ಕಾರಣ. ಸೂರ್ಯದ್ವಾರವೆನಿಸಿದ ಇಂತಿ ಪುಂಕುವಿನಿಂದ ಕೆಳಗೆ ನೋಡಿದರೆ, ಮಂಜು ಕೃಪೆ ಮಾಡಿದ್ದರೆ, ನಗರ ಕಾಣುತ್ತದೆ. ನಗರದ ತುಂಬ ಆ ಬೆಳಿಗ್ಗೆ ಬಸ್ಸಿನಲ್ಲಿ ಬಂದವರೂ ಕಾಣುತ್ತಾರೆ, ಇಸ್ತ್ರಿ ಮುರಿಯದ ಬಟ್ಟೆಗಳಲ್ಲಿ. ಹಾದಿಗೆ ದಿನಕ್ಕೆ 500ರ ಮಿತಿ ಹಾಕಿದ ಅದೇ ಆಡಳಿತ ಹಾದಿ ಮುಟ್ಟುವ ನಗರಕ್ಕೆ ದಿನಕ್ಕೆ 4,500 ಮಂದಿಯನ್ನು, ಕೆಲವು ದಿನ 5,600 ಮಂದಿಯನ್ನು ಬಿಡುತ್ತದೆ. ಇಷ್ಟು ಜನರಿಗೆ ಶೌಚಾಲಯವಿರುವುದು ಪ್ರವೇಶದ್ವಾರದ ಹೊರಗೆ. ಹೊರಗೆ ಹೋದವರು ಅದೇ ಟಿಕೆಟಿನಲ್ಲಿ ಮರಳುವಂತಿಲ್ಲ. ನಾಲ್ಕು ದಿನ ಕಾಡಿನಲ್ಲಿ ಕಮೋಡಿಗೆ ಪ್ರತ್ಯೇಕ ಡೇರೆಯಿದ್ದ ಕುಟುಂಬಕ್ಕೆ ವಿಶ್ವ ಪರಂಪರೆಯ ತಾಣದಲ್ಲಿ ಮೊದಲ ಬಾರಿಗೆ ನಿಜವಾದ ಸಹನಾಪರೀಕ್ಷೆ ಎದುರಾಗುತ್ತದೆ. ಹಾದಿಯಲ್ಲಿ ತಪ್ಪಿಸಿಕೊಂಡ ಸಾಹಸ ಕೊನೆಗೂ ದಕ್ಕಿತಲ್ಲ ಎಂದು ಸಂತೋಷಪಡಬೇಕು.

ಹಿಂದಿರುಗುವಾಗ ಬೆಟ್ಟದಿಂದ ಬಸ್ಸು ಇಳಿಯುವ ತಿರುವುಗಳ ರಸ್ತೆಗೆ ಬಿಂಗಮ್ ಅವರ ಹೆಸರಿದೆ. 1948ರಲ್ಲಿ ಅದರ ಉದ್ಘಾಟನೆಗೆ ಅವರೇ ಬಂದಿದ್ದರು. ಈ ಮಾರ್ಗದ ಅತ್ಯಂತ ದುಬಾರಿ ರೈಲಿಗೂ ಅವರದೇ ಹೆಸರು. ಪೋರ್ಟರುಗಳು ಹತ್ತುವ ಅಗ್ಗದ ಸ್ಥಳೀಯ ರೈಲಿಗೆ ಅಂಥ ಹೆಸರೇನೂ ಇಲ್ಲ, ಮತ್ತು ಅದರಲ್ಲಿ ವಿದೇಶೀಯರು ಕೂರುವಂತಿಲ್ಲ. ಆದ್ದರಿಂದ ನಾಲ್ಕು ದಿನ ಒಂದೇ ಹಾದಿಯಲ್ಲಿ ಬಂದ ‘ಟೀಮ್’ ವಾಪಸಾಗುವಾಗ ಒಂದೇ ಹಳಿಯ ಮೇಲೆ ಬೇರೆ ಬೇರೆಯಾಗಿ ಹೋಗುತ್ತದೆ. ಮೆಲ್ಚೋರ್ ಆರ್ತಿಯಾಗನ ಹೆಸರನ್ನೂ ಒಂದು ರೈಲಿಗೆ ಇಡಬೇಕೆಂಬ ಮನಸ್ಸು ಅಲ್ಲಿನವರಿಗೆ ಎಂದಾದರೂ ಬಂದರೆ, ಅದು ಗೂಡ್ಸ್ ಗಾಡಿಯಾಗುವ ಸಂಭವವೇ ಹೆಚ್ಚು.