ದುಡ್ಡು ಕಟ್ಟಿ ಕಲಿತರೆ ಇಂಪ್ಲಾಂಟ್ ಲೈನಿಗೆ ದಾರಿ ಸಿಗುತ್ತಾ? ಪರ – ವಿರೋಧ

ಮೆಡಿಕಲ್ ಡಿವೈಸ್ ಸೇಲ್ಸ್ ಕಲಿಸುತ್ತೇವೆ ಅನ್ನುವ ಕೋರ್ಸುಗಳು ಬೆಂಗಳೂರಿನಲ್ಲಿ ಈಗ ಕಣ್ಣಿಗೆ ಬೀಳುತ್ತಿವೆ. ಎರಡು-ಮೂರು ತಿಂಗಳ ಪಾಠ, ಕೊನೆಗೊಂದು ಸರ್ಟಿಫಿಕೇಟ್, ಜೊತೆಗೆ ‘ಪ್ಲೇಸ್‌ಮೆಂಟ್ ಸಹಾಯ’. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್, ಮುರಿದ ಮೂಳೆಗೆ ಹಾಕುವ ಪ್ಲೇಟು-ಸ್ಕ್ರೂ, ಕೃತಕ ಮಂಡಿ – ಹೀಗೆ ಮೈಯೊಳಗೆ ಕೂರಿಸುವ ಇಂಪ್ಲಾಂಟ್ ಮಾರುವ ಕೆಲಸ ಹಿಡಿಯಲು ಇವು ನಿಜಕ್ಕೂ ಉಪಯೋಗಕ್ಕೆ ಬರುತ್ತವಾ? ಆರ್ಥೋ (ಮೂಳೆ) ಲೈನಿನ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ದುಡ್ಡು ಕಟ್ಟಿ ಕಲಿತು ಬಂದವರು. ಇನ್ನೊಬ್ಬರು ಆಸ್ಪತ್ರೆಗಳಿಗೆ ಇಂಪ್ಲಾಂಟ್ ಪೂರೈಸುವ ಡೀಲರ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಹುಡುಗರನ್ನು ಸೇರಿಸಿಕೊಳ್ಳುತ್ತಿರುವವರು.

ಪರ: ಮೂವತ್ತಾರು ಅಂದರೆ ಮೂವತ್ತಾರೇ

ನಾನು ಕಟ್ಟಿದ್ದು 45,000 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 53,100. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡು ಅದು. ಹಾಗಾಗಿ ಕೋರ್ಸಿನ ಬಗ್ಗೆ ನಾನು ಹಗುರವಾಗಿ ಮಾತಾಡುವವಳಲ್ಲ.

ಊರು ಅರಸೀಕೆರೆ. ಬಿಎಸ್ಸಿ ಮುಗಿಸಿ ತುಮಕೂರಿನಲ್ಲಿ ಎರಡು ವರ್ಷ ಮೆಡಿಕಲ್ ರೆಪ್ ಆಗಿದ್ದೆ. ಮಧ್ಯಾಹ್ನ ಒಪಿಡಿ ಮುಗಿಯುವವರೆಗೂ ಬಾಗಿಲ ಹೊರಗೆ ನಿಲ್ಲುವುದು, ಡಾಕ್ಟರ್ ಕರೆದರೆ ಎರಡು ನಿಮಿಷದಲ್ಲಿ ನಾಲ್ಕು ಮಾತ್ರೆಯ ಹೆಸರು ಹೇಳಿ ಹೊರಗೆ ಬರುವುದು. ಅವರು ಬರೆದರೋ ಇಲ್ಲವೋ ದೇವರಿಗೇ ಗೊತ್ತು. ಇಂಪ್ಲಾಂಟ್ ಲೈನಿನಲ್ಲಿ ಹಾಗಲ್ಲ, ನೀವು ಕೊಟ್ಟ ಸ್ಕ್ರೂ ಕಣ್ಣೆದುರೇ ಮೂಳೆಯೊಳಗೆ ಹೋಗುತ್ತದೆ ಅಂತ ಯಾರೋ ಹೇಳಿದ್ದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಬೆಂಗಳೂರಿನಲ್ಲಿ ಐದು ಡೀಲರ್ ಆಫೀಸು ಸುತ್ತಿದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ, ‘ಅನುಭವ ಇದೆಯಾ?’ ಒಬ್ಬರು ನೇರವಾಗಿಯೇ ಹೇಳಿದರು: ‘ಇದು ಬೈಕ್ ಮೇಲೆ ಸೆಟ್ ಹೊತ್ಕೊಂಡು ಓಡಾಡೋ ಕೆಲಸ ಕಣಮ್ಮಾ, ನಿನಗ್ಯಾಕೆ?’ ಸೆಟ್ ಅಂದರೆ ಒಂದು ಆಪರೇಷನ್ನಿಗೆ ಬೇಕಾದ ಇಂಪ್ಲಾಂಟ್, ಉಪಕರಣ ಎಲ್ಲ ಇರುವ ಪೆಟ್ಟಿಗೆ. ಈ ಲೈನಿಗೆ ಹುಡುಗರು ಬರುವುದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಮಾಲೀಕರ ಭಾವಮೈದ, ಮ್ಯಾನೇಜರ್ ಊರಿನವನು, ಇಲ್ಲವೇ ಒಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್ ಆಗಿದ್ದಾಗ ಪರಿಚಯ ಆದವನು. ನನಗೆ ಭಾವನೂ ಇರಲಿಲ್ಲ, ಒಟಿಯೊಳಗೆ ಕಾಲಿಟ್ಟವಳೂ ಅಲ್ಲ.

ಕೋರ್ಸ್ ನಡೆಯುತ್ತಿದ್ದುದು ಟೈಲ್ಸ್ ಅಂಗಡಿಯ ಮೇಲಿನ ಒಂದು ಹಾಲಿನಲ್ಲಿ. ಮೊದಲ ವಾರ ಪವರ್‌ಪಾಯಿಂಟ್ ನೋಡಿ ನೋಡಿ ನಿದ್ದೆ ಬಂತು. ಎರಡನೇ ವಾರ ಮೇಷ್ಟ್ರು ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ತೊಡೆಮೂಳೆ ಇಟ್ಟರು. ಟ್ರಾಮಾ (ಮುರಿದ ಮೂಳೆ) ಲೈನಿನಲ್ಲಿ ಸವೆದ ಮನುಷ್ಯ ಅವರು. ಎರಡು ಸ್ಕ್ರೂ ಕೊಟ್ಟು ‘ಯಾವುದು ಲಾಕಿಂಗ್?’ ಅಂದರು. ನೋಡಲು ಎರಡೂ ಒಂದೇ ಥರ. ಉಗುರಿನಲ್ಲಿ ತಲೆ ಸವರಿ ನೋಡು ಅಂದರು. ಒಂದರ ತಲೆಗೂ ಮರೆ, ಅಂದರೆ ತಿರುಪಿನ ಗೆರೆ ಇತ್ತು. ಆ ಮರೆ ಪ್ಲೇಟಿನ ತೂತಿನೊಳಗೆ ಕಚ್ಚಿಕೊಳ್ಳುತ್ತದೆ, ಸ್ಕ್ರೂ ಮತ್ತು ಪ್ಲೇಟು ಒಂದೇ ತುಂಡಿನಂತೆ ನಿಲ್ಲುತ್ತವೆ, ವಯಸ್ಸಾದವರ ಟೊಳ್ಳು ಮೂಳೆಗೆ ಅದಕ್ಕೇ ಅದು ಬೇಕಾಗುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಉಗುರಿಗೆ ಸಿಕ್ಕಿದ್ದು ಬೇರೆ.

ಆಮೇಲೆ ಆಟ ಶುರು. ಅವರು ಬೆನ್ನು ತಿರುಗಿಸಿ ನಿಂತು ‘ಮೂವತ್ತಾರು!’ ಅನ್ನುವರು. ನಾವು ರ‍್ಯಾಕಿನಿಂದ 36 ಮಿಲಿಮೀಟರ್ ಉದ್ದದ, 3.5 ಮಿಲಿಮೀಟರ್ ದಪ್ಪದ ಸ್ಕ್ರೂ ತೆಗೆದು ಅವರ ಕೈಗಿಡಬೇಕು. ಒಮ್ಮೆ ನಾನು 34 ಕೊಟ್ಟೆ. ‘ಎರಡು ಮಿಲಿಮೀಟರ್ ತಾನೇ ಅಂತೀಯಾ? ಮೂಳೆಯ ಆ ಕಡೆ ಗೋಡೆ ಹಿಡಿಯಲ್ಲ. ನಾಳೆ ಪೇಷಂಟ್ ಕಾಲೂರಿದಾಗ ಗೊತ್ತಾಗುತ್ತೆ’ ಅಂದರು. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ರ‍್ಯಾಕಿನ ಸಾಲುಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿದೆ.

ಎರಡನೇ ತಿಂಗಳು ಒಂದು ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ನೋಡಲು ಇಬ್ಬಿಬ್ಬರನ್ನು ಕರೆದುಕೊಂಡು ಹೋದರು. ಹಸಿರು ಬಟ್ಟೆ ಹಾಸಿದ ಮೇಜಿನ ಹತ್ತಿರ ಸುಳಿಯಬಾರದು, ಕೈ ಕಟ್ಟಿ ದೂರ ನಿಲ್ಲಬೇಕು, ಸೀಸದ ಏಪ್ರನ್ ಇಲ್ಲದೆ ಸಿ-ಆರ್ಮ್ (ಎಕ್ಸ್-ರೇ ಯಂತ್ರ) ಪಕ್ಕ ಹೋಗಬಾರದು. ನನ್ನ ಜೊತೆ ಬಂದಿದ್ದ ಹುಡುಗ ರಕ್ತ ನಿಲ್ಲಿಸಲು ಸುಡುವ ಕಾಟರಿಯ ವಾಸನೆ ಮೂಗಿಗೆ ಬಡಿದ ತಕ್ಷಣ ಹೊರಗೆ ಹೋಗಿ ಕಾರಿಡಾರಿನಲ್ಲಿ ಕೂತ. ಮತ್ತೆ ಒಳಗೆ ಬರಲಿಲ್ಲ. ಮುಂದಿನ ವಾರ ಕೋರ್ಸೇ ಬಿಟ್ಟ. ಜಗಳ ಆಡಿ ಅರ್ಧ ಫೀಸು ವಾಪಸ್ ತಗೊಂಡ. ಅವನಿಗೆ ನಷ್ಟ ಅಂತ ಎಲ್ಲರೂ ಅಂದರು. ನನಗೆ ಹಾಗನ್ನಿಸಲಿಲ್ಲ. ಇದ್ದ ನೌಕರಿಗೆ ರಾಜೀನಾಮೆ ಕೊಟ್ಟು, ಹೊಸ ಕೆಲಸದ ಮೊದಲ ದಿನವೇ ಅವನು ಹಾಗೆ ಕಾರಿಡಾರಿನಲ್ಲಿ ಕೂತಿದ್ದರೆ?

ಕೊನೆಗೆ ಇಂಟರ್‌ವ್ಯೂ. ‘ತೊಡೆಯ ಮೇಲ್ಭಾಗದ ಮೂಳೆ ಮುರಿದ ಕೇಸ್. ನೈಲ್ ಹಾಕ್ತಾರೆ. ಏನೇನು ಒಯ್ತೀರಿ?’ ಅಂತ ಕೇಳಿದರು. ನೈಲ್ ಅಂದರೆ ಮೂಳೆಯೊಳಗೆ ತೂರಿಸುವ ಲೋಹದ ಸರಳು. ಉದ್ದದ ನೈಲು, ಗಿಡ್ಡದ ನೈಲು, ಉದ್ದದ್ದರಲ್ಲಿ ಎಡಗಾಲಿಗೊಂದು ಬಲಗಾಲಿಗೊಂದು, ಲ್ಯಾಗ್ ಸ್ಕ್ರೂ, ಗೈಡ್ ವೈರ್, ರೀಮರ್ ಅಂತ ಹೇಳುತ್ತಾ ಹೋದೆ. ಆಮೇಲೆ, ಸೆಟ್ಟನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೊಕ್ಲೇವ್ ಬಗ್ಗೆ ನಾನೇ ಕೇಳಿದೆ: ‘ಸರ್, ಆ ಆಸ್ಪತ್ರೆಯಲ್ಲಿ ಆಟೊಕ್ಲೇವ್‌ಗೆ ಸೆಟ್ ಎಷ್ಟು ಗಂಟೆ ಮೊದಲು ಕೊಡಬೇಕು?’ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಕೆಲಸ ಸಿಕ್ಕಿದ್ದು ಆ ಪ್ರಶ್ನೆಗೆ. ತುಮಕೂರಿನ ಒಪಿಡಿ ಮುಂದೆ ಇನ್ನೂ ಹತ್ತು ವರ್ಷ ನಿಂತಿದ್ದರೂ ಅದು ನನಗೆ ಹೊಳೆಯುತ್ತಿರಲಿಲ್ಲ.

ಪ್ಲೇಸ್‌ಮೆಂಟ್ ವಿಷಯ ಮಾತ್ರ ಸುಳ್ಳು ಹೇಳಲಾರೆ. ಅವರು ಕೊಟ್ಟದ್ದು ಎರಡು ಫೋನ್ ನಂಬರ್, ಅದರಲ್ಲೊಂದು ಸ್ವಿಚ್ ಆಫ್. ಕೆಲಸ ಹುಡುಕಿಕೊಂಡದ್ದು ನಾನೇ.

‘ಕಂಪನಿಯವರೇ ಟ್ರೇನಿಂಗ್ ಕೊಡ್ತಾರಲ್ಲ’ ಅನ್ನುವವರಿದ್ದಾರೆ. ಕೊಡುತ್ತಾರೆ, ಸೇರಿಸಿಕೊಂಡ ಮೇಲೆ. ದೊಡ್ಡ ಕಂಪನಿಗಳು ಬಯೋಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಮಾಡಿದವರನ್ನು ಕ್ಯಾಂಪಸ್ಸಿನಿಂದಲೇ ಕರೆದುಕೊಂಡು ಹೋಗಬಹುದು. ಸಣ್ಣ ಡೀಲರಿಗೆ ಮೂರು ತಿಂಗಳು ಸಂಬಳ ಕೊಟ್ಟು ಕಲಿಸುವ ಪುರುಸೊತ್ತಿಲ್ಲ. 2017ರ ಫೆಬ್ರುವರಿಯಲ್ಲಿ ಸ್ಟೆಂಟ್‌ಗೆ, ಅದೇ ವರ್ಷ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟ್‌ಗೆ ಸರ್ಕಾರ ಬೆಲೆಯ ಮಿತಿ ಹಾಕಿತು. ಔಷಧಿ ಲೇಪಿಸಿದ ಸ್ಟೆಂಟ್‌ಗೆ ಆಗ ನಿಗದಿಯಾದದ್ದು 29,600 ರೂಪಾಯಿ. ಜನರಿಗೆ ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ಬಿಡಿಗಾಸಿಗೂ ಲೆಕ್ಕ ಹಾಕುವ ಡೀಲರ್, ಏನೂ ಗೊತ್ತಿಲ್ಲದ ಅರಸೀಕೆರೆಯ ಹುಡುಗಿಗೆ ಯಾಕೆ ಖರ್ಚು ಮಾಡುತ್ತಾರೆ ಹೇಳಿ?

ಝೂಮ್‌ನಲ್ಲೇ ಮುಗಿಸುವ ಕೋರ್ಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೆಟ್ ಮುಟ್ಟಿಸದವರು ಏನು ಕಲಿಸುತ್ತಾರೆ?

ಈಗ ನಾನು ಮೈಸೂರು ಕಡೆ ನೋಡಿಕೊಳ್ಳುತ್ತಿದ್ದೇನೆ. ಸ್ಕೂಟಿಯ ಕಾಲಿಡುವ ಜಾಗದಲ್ಲಿ ಒಂದು ಸೆಟ್ ಸರಿಯಾಗಿ ಕೂರುತ್ತದೆ. ಬೈಕೇ ಬೇಕು ಅಂತ ಹೇಳಿದ ಆ ಸರ್‌ಗೆ ಒಂದು ಸಲ ತೋರಿಸಬೇಕು ಅಂತ ಆಸೆ.

ವಿರೋಧ: ಈ ದಂಡ ಅವರು ಯಾಕೆ ಕಟ್ಟಬೇಕು?

ಮೇಲಿನದನ್ನು ಎರಡು ಸಲ ಓದಿದೆ. ಬರೆದವರು ನಮ್ಮ ಆಫೀಸಿಗೆ ಬಂದಿದ್ದರೆ ನಾನೂ ಸೇರಿಸಿಕೊಳ್ಳುತ್ತಿದ್ದೆ. ಕೋರ್ಸಿಗಾಗಿ ಅಲ್ಲ, ತುಮಕೂರಿನಲ್ಲಿ ಎರಡು ವರ್ಷ ಬ್ಯಾಗ್ ಹಿಡಿದು ನಿಂತದ್ದಕ್ಕೆ. ಆ ತಾಳ್ಮೆ ಇದ್ದವರಿಗೆ ಸ್ಕ್ರೂ ರ‍್ಯಾಕ್ ಕಲಿಸಲು ನನಗೆ ಹದಿನೈದು ದಿನ ಸಾಕು. ತಾಳ್ಮೆ ಇಲ್ಲದವನಿಗೆ ಮೂರು ತಿಂಗಳ ಕೋರ್ಸೂ ಸಾಲದು.

ಮೊನ್ನೆ ಒಂದೇ ಕಡೆ ಕಲಿತ ಮೂವರು ಬಂದಿದ್ದರು. ಮೂವರ ಕೈಯಲ್ಲೂ ಒಂದೇ ನೀಲಿ ಪ್ಲಾಸ್ಟಿಕ್ ಫೋಲ್ಡರ್. ಒಬ್ಬನಿಗೆ ಕೇಳಿದೆ: ‘ವೈಟ್‌ಫೀಲ್ಡ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಕೇಸ್. ಕೋಲಾರದಲ್ಲಿ ಹನ್ನೊಂದಕ್ಕೆ ಇನ್ನೊಂದು. ಇರೋದು ಒಂದೇ ಸೆಟ್. ಏನ್ ಮಾಡ್ತೀಯಪ್ಪಾ?’ ಅವನು ನೆಟ್ಟಗೆ ಕೂತು, ‘ಕಸ್ಟಮರ್ ರಿಲೇಶನ್‌ಶಿಪ್‌ಗೆ ಮೊದಲ ಆದ್ಯತೆ ಕೊಡ್ತೀನಿ ಸರ್’ ಅಂದ. ಪಾಪ, ಅವನ ತಪ್ಪಲ್ಲ. ಅವನಿಗೆ ಅದನ್ನೇ ಕಲಿಸಿದ್ದಾರೆ.

ಉತ್ತರ ಏನು ಅಂದರೆ, ಎಂಟರ ಕೇಸ್ ಮುಗಿಯುವುದು ಹತ್ತಾಗಬಹುದು, ಹನ್ನೊಂದೂ ಆಗಬಹುದು. ಸೆಟ್ ತೊಳೆಯಬೇಕು, ಕೋಲಾರ ಮುಟ್ಟಿಸಬೇಕು, ಅಲ್ಲಿ ಮತ್ತೆ ಆಟೊಕ್ಲೇವ್ ಆಗಬೇಕು. ಹನ್ನೊಂದಕ್ಕೆ ಆಗುವ ಮಾತೇ ಅಲ್ಲ. ಹಿಂದಿನ ರಾತ್ರಿಯೇ ಕೋಲಾರದ ಒಟಿ ಸಿಸ್ಟರ್‌ಗೆ ಫೋನ್ ಹಚ್ಚಿ ಕೇಸನ್ನು ಮಧ್ಯಾಹ್ನಕ್ಕೆ ಹಾಕಿಸಬೇಕು. ಆಗಲ್ಲ ಅಂದರೆ ಇನ್ನೊಬ್ಬ ಡೀಲರ್ ಹತ್ತಿರ ಸೆಟ್ ಸಾಲ ಕೇಳಬೇಕು. ಅವನು ನಮ್ಮ ಎದುರಾಳಿ. ಆದರೂ ಕೊಡುತ್ತಾನೆ, ಯಾಕೆಂದರೆ ಹೋದ ತಿಂಗಳು ನಾವು ಕೊಟ್ಟಿದ್ದೆವು. ಈ ಕೊಡು-ತಗೊಳ್ಳುವ ಲೆಕ್ಕ ಯಾವ ಸಿಲಬಸ್ಸಿನಲ್ಲಿ ಬರುತ್ತದೆ?

ಇನ್ನು ಆಸ್ಪತ್ರೆಗಳಿಂದ ದುಡ್ಡಿನ ವಸೂಲಿ. ಕೋರ್ಸಿನವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ನಮ್ಮ ಕೆಲಸದಲ್ಲಿ ಅರ್ಧ ಇದೇ. ಜನವರಿಯಲ್ಲಿ ಹಾಕಿದ ಪ್ಲೇಟಿನ ದುಡ್ಡು ಜೂನ್‌ಗೆ ಬಂದರೆ ಪುಣ್ಯ. ಅಕೌಂಟ್ಸ್ ಸೆಕ್ಷನ್ ಹೊರಗಿನ ಬೆಂಚಿನ ಮೇಲೆ ಕೂರಬೇಕು. ಇಂಪ್ಲಾಂಟ್ ಪ್ಯಾಕಿನ ಸ್ಟಿಕ್ಕರ್ ಇಲ್ಲ ಅಂತ ಬಿಲ್ ವಾಪಸ್ ಬರುತ್ತದೆ. ಸ್ಟಿಕ್ಕರ್ ಎಲ್ಲಿ? ಕೇಸ್‌ಶೀಟಿನಲ್ಲಿ. ಕೇಸ್‌ಶೀಟ್ ಎಲ್ಲಿ? ರೆಕಾರ್ಡ್ ರೂಮಿನಲ್ಲಿ. ರೆಕಾರ್ಡ್ ರೂಮಿನವರು ಊಟಕ್ಕೆ ಹೋಗಿದ್ದಾರೆ. ಕೇಸ್ ಮುಗಿದ ಕೂಡಲೇ ನಿಂತಲ್ಲೇ ಒಂದು ಸ್ಟಿಕ್ಕರ್ ಡೆಲಿವರಿ ಚಲನ್‌ಗೆ ಅಂಟಿಸಿಕೊಂಡು ಬರುವ ಹುಡುಗನೇ ನನಗೆ ಬೇಕಾದವನು. ಒಂದು ಸಲ ಬೆಂಚಿನ ಮೇಲೆ ಅರ್ಧ ದಿನ ಕೂತವನು ಇನ್ನೆಂದೂ ಮರೆಯುವುದಿಲ್ಲ.

ಸರ್ಟಿಫಿಕೇಟಿಗೆ ಕಾನೂನಿನಲ್ಲಾದರೂ ಬೆಲೆ ಇದೆಯಾ ಅಂದರೆ ಅದೂ ಇಲ್ಲ. 2017ರ ಮೆಡಿಕಲ್ ಡಿವೈಸ್ ನಿಯಮಗಳಿಗೆ 2022ರಲ್ಲಿ ತಿದ್ದುಪಡಿ ಬಂತು. ಅದರಂತೆ ಮಾರಾಟ ಮಾಡುವ ಸಂಸ್ಥೆ ಎಂಡಿ-42 ನೋಂದಣಿ ತಗೊಳ್ಳಬೇಕು, ವಿಷಯ ಬಲ್ಲ ಒಬ್ಬ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕು. ಡಿಗ್ರಿ ಆದವರು ನಡೆಯುತ್ತದೆ, ನೋಂದಾಯಿತ ಫಾರ್ಮಸಿಸ್ಟ್ ನಡೆಯುತ್ತದೆ, ಪಿಯುಸಿ ಆಗಿ ಡಿವೈಸ್ ಮಾರಾಟದಲ್ಲಿ ಒಂದು ವರ್ಷ ಅನುಭವ ಇದ್ದವರೂ ನಡೆಯುತ್ತದೆ. ನೀಲಿ ಫೋಲ್ಡರಿನ ಮಾತು ಎಲ್ಲೂ ಇಲ್ಲ.

ಹಾಗಾದರೆ ಈ ಕೋರ್ಸಿನಿಂದ ಯಾರಿಗೆ ಲಾಭ? ಒಂದು, ನಡೆಸುವವರಿಗೆ. ಇನ್ನೊಂದು, ಹೇಳಲು ನಾಚಿಕೆ, ನನಗೆ. ಬ್ಯಾಚ್ ಮುಗಿದಾಗಲೆಲ್ಲ ‘ಸರ್, ಹುಡುಗರು ಬೇಕಾ?’ ಅಂತ ಫೋನ್ ಬರುತ್ತದೆ. ನಾನು ಪೈಸೆ ಕೊಡಬೇಕಾಗಿಲ್ಲ. ಹಾಗೆ ಒಬ್ಬನನ್ನು ತಗೊಂಡೆ. ಸಂಬಳ 15,000. ಕೋರ್ಸ್ ಮಾಡದೆ ಬಂದಿದ್ದರೂ ಅಷ್ಟೇ ಕೊಡುತ್ತಿದ್ದೆ. ಅವನು ಫೀಸಿಗೆ ಸಾಲ ಮಾಡಿದ್ದ, ಪ್ರತಿ ತಿಂಗಳು 4,500 ಕಂತಿಗೆ ಹೋಗುತ್ತಿತ್ತು. ಉಳಿದ ದುಡ್ಡಿನಲ್ಲಿ ಪಿಜಿ ಬಾಡಿಗೆ, ಊಟ, ಪೆಟ್ರೋಲ್. ನಾಲ್ಕನೇ ತಿಂಗಳು ಫುಡ್ ಡೆಲಿವರಿಗೆ ಹೋಗಿಬಿಟ್ಟ, ಅಲ್ಲಿ ಜಾಸ್ತಿ ಸಿಗುತ್ತದೆ ಅಂತ. ಒಳ್ಳೆಯ ಹುಡುಗ. ಇವತ್ತಿಗೂ ಬೇಜಾರಿದೆ.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅನ್ನುವ ಬೋರ್ಡುಗಳ ಬಗ್ಗೆ ಒಂದು ಮಾತು. ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೆಲಸ ಖಾತ್ರಿ ಅಂತ ಸುಳ್ಳು ಭರವಸೆ ಕೊಡುವಂತಿಲ್ಲ ಅನ್ನುತ್ತದೆ ಅದು. ಮೋಸ ಆಯಿತು ಅನ್ನಿಸಿದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಆಪರೇಷನ್ ನೋಡಲು ಇಬ್ಬಿಬ್ಬರನ್ನು ಕರೆದುಕೊಂಡು ಹೋದರು ಅಂತ ಬರೆದಿದ್ದಾರಲ್ಲ, ಅಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಮೇಜಿನ ಮೇಲೆ ಮಲಗಿದ್ದವರನ್ನು ಯಾರಾದರೂ ಕೇಳಿದ್ದರಾ? ನಮ್ಮವನು ಒಟಿಗೆ ಹೋದರೆ ಆ ಕೇಸಿಗೆ ಅವನಿಂದ ಕೆಲಸ ಇರುತ್ತದೆ. ಫೀಸು ಕಟ್ಟಿದವರಿಗೆ ಅಭ್ಯಾಸ ಆಗಲಿ ಅಂತ ಇನ್ನೊಬ್ಬರ ಮುರಿದ ತೊಡೆ ತೋರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಇಷ್ಟಾದರೂ ಅವರ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ‘ನಿನಗ್ಯಾಕೆ ಕಣಮ್ಮಾ’ ಅಂದವನು ನಾನಲ್ಲ, ಆದರೆ ನನ್ನ ಟೀಮಿನ ಹನ್ನೊಂದು ಜನರಲ್ಲಿ ಹೆಣ್ಣುಮಕ್ಕಳು ಇರುವುದು ಬಿಲ್ಲಿಂಗ್‌ನಲ್ಲಿ ಮಾತ್ರ. ಭಾವಮೈದನನ್ನು ಹಾಗೇ ಒಳಗೆ ಬಿಟ್ಟುಕೊಂಡು, ಪರಿಚಯ ಇಲ್ಲದವರನ್ನು ‘ಅನುಭವ ಇದೆಯಾ’ ಅಂತ ಕೇಳುವುದು ನಮ್ಮ ತಪ್ಪು. ಆ ತಪ್ಪಿಗೆ 53,100 ದಂಡ ಅರಸೀಕೆರೆಯ ತಾಯಿ ಚೀಟಿ ಎತ್ತಿ ಕಟ್ಟಬೇಕಾ? ಯುವನಿಧಿಯಲ್ಲಿ ಡಿಗ್ರಿ ಆದವರಿಗೆ ತಿಂಗಳಿಗೆ ಸಿಗುವುದು 3,000. ಹೆಚ್ಚುಕಡಿಮೆ ಹದಿನೆಂಟು ತಿಂಗಳ ದುಡ್ಡಾಯಿತು. ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 2019ರ ನಿಯಮ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್ ಗೊತ್ತು ಮಾಡಿತು. ಅಂದರೆ ಕಲಿಯುವವರಿಗೆ ನಾವೇ ಕೊಡಬೇಕಾದದ್ದು. ಡೀಲರುಗಳಲ್ಲಿ ಎಷ್ಟು ಜನ ಆ ದಾರಿ ಹಿಡಿದಿದ್ದಾರೆ? ನಾನೂ ಹಿಡಿದಿಲ್ಲ. ಬರೆಯುವಾಗ ಕೈ ಸ್ವಲ್ಪ ತಡೆಯಿತು.

ನಾನು ಕಲಿತದ್ದು ಸಿಂಕಿನ ಮುಂದೆ. ಕೇಸ್ ಮುಗಿದು ಬಂದ ಸೆಟ್ಟನ್ನು ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಬೇಕಿತ್ತು. ಡ್ರಿಲ್ ಬಿಟ್ಟಿನ ಸುರುಳಿಯೊಳಗೆ ಮೂಳೆಯ ಪುಡಿ ಕೂತಿರುತ್ತದೆ. ಒಂದೊಂದೇ ಸ್ಕ್ರೂ ಎಣಿಸಿ ರ‍್ಯಾಕಿನಲ್ಲಿ ಇಟ್ಟು, ಕಮ್ಮಿ ಆದದ್ದನ್ನು ಚಲನ್‌ಗೆ ತಾಳೆ ನೋಡಬೇಕು. ಒಂದು ತಿಂಗಳಲ್ಲಿ 34 ಯಾವುದು 36 ಯಾವುದು ಅಂತ ಬೆರಳಿಗೇ ಗೊತ್ತಾಗಿತ್ತು. ಆಗ ಸಂಬಳ 3,500. ಕಮ್ಮಿಯೇ, ಆದರೆ ಬರುತ್ತಿದ್ದ ದುಡ್ಡು.

ನೀಲಿ ಫೋಲ್ಡರಿನ ಮೂವರಿಗೂ ಒಂದೇ ಮಾತು ಹೇಳಿ ಕಳಿಸಿದೆ. ‘ಸೋಮವಾರ ಬೆಳಗ್ಗೆ ಆರಕ್ಕೆ ಬನ್ನಿ. ಒಂದು ವಾರ ನಮ್ಮ ಹುಡುಗನ ಜೊತೆ ಓಡಾಡಿ, ಆಸ್ಪತ್ರೆ ಗೇಟಿನವರೆಗೆ. ಬಸ್ ಚಾರ್ಜು, ತಿಂಡಿ ನನ್ನದು. ಇಷ್ಟ ಆದರೆ ಇರಿ.’

ಒಬ್ಬ ಬಂದ. ಕಸ್ಟಮರ್ ರಿಲೇಶನ್‌ಶಿಪ್ ಅಂದಿದ್ದನಲ್ಲ, ಅವನೇ. ಐದೂ ಮುಕ್ಕಾಲಿಗೇ ಶಟರ್ ಮುಂದೆ ನಿಂತಿದ್ದ.