ತಾಟು ತಿರುವಿ ನೋಡುವ ಊರು

"ಕಬ್ಬಿಣಾ ಓದಿ ಏನ್ ಮಾಡಾಂವಪಾ ಇಂವಾ? ಗುಜರಿ ಅಂಗಡಿ ತಗಿತಾನೇನು?" ಅಂತ ಕಾಕಾ ಹುಬ್ಬಳ್ಳಿಯಿಂದ ಫೋನಿನಲ್ಲಿ ನಕ್ಕರು. ಅಕ್ಕನ ಮಗ ಮಟೀರಿಯಲ್ಸ್ ಸೈನ್ಸ್, ಅಂದರೆ ಲೋಹ ಮುಂತಾದ ವಸ್ತುಗಳ ವಿಜ್ಞಾನ, ಓದ್ತೀನಿ ಅಂದಿದ್ದಾನೆ, ಅದಕ್ಕೆ. ಅದನ್ನೇ ಓದಿ ಇಂಗ್ಲೆಂಡಿನ ಸ್ಟೀಲಿನ ಊರು ಶೆಫೀಲ್ಡ್‌ನಲ್ಲಿ ಹೊಟ್ಟೆ ಹೊರೆಯುತ್ತಿರುವ ನಾನೂ ಲೈನಿನಲ್ಲಿದ್ದೆ. ಅವರಿಗೆ ಅದು ನೆನಪಿರಲಿಲ್ಲ, ಅಥವಾ ಇತ್ತು.

ಇಲ್ಲಿ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಸ್ಟೀಲನ್ನು ಒತ್ತಿ ಹಾಳೆ ಮಾಡುವ ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಒಂದು ಸಲ ಊಟಕ್ಕೆ ಕರೆದಿದ್ದೆ. ಊರಿಂದ ತಂದ ತಾಟಿನಲ್ಲಿ ಬಡಿಸಿದೆ. ಉಂಡು, ತಾಟು ತಾವೇ ತೊಳೆದು, ಒರೆಸಿ, ತಿರುವಿ ನೋಡಿದರು. ಹಿಂದೆ ಅವ್ವನ ಹೆಸರು, ಮದುವೆ ತಾರೀಖು. "ಇದು ಸರಿ, ಆದರೆ ಸ್ಟೀಲು ಯಾವುದು?" ಅಂದರು! ನಾವು ಪಾತ್ರೆ ತಿರುವಿದರೆ ಯಾರ ಮನೆಯದು ಅಂತ ನೋಡ್ತೇವೆ. ಅವರು 18/8 ಅಂತ ಇದೆಯಾ ನೋಡ್ತಾರೆ. ನೂರಕ್ಕೆ 18 ಕ್ರೋಮಿಯಂ, 8 ನಿಕ್ಕಲ್. ನಮ್ಮ ಕಡೆಯ ಎಷ್ಟೋ ಪಾತ್ರೆಗಳಲ್ಲಿ ನಿಕ್ಕಲ್ ಕಮ್ಮಿ ಮಾಡಿ ಬದಲಿಗೆ ಮ್ಯಾಂಗನೀಸ್ ಹಾಕಿರ್ತಾರೆ. ಉಪ್ಪಿನ ಡಬ್ಬಿಯಲ್ಲಿ ಸಣ್ಣ ಸಣ್ಣ ತೂತಿನಂಥ ಕಲೆ ಬೀಳೋದು ಇಂಥದರಲ್ಲಿ ಜಾಸ್ತಿ.

1913ರಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದ ಹಾಗೆ ಮಾಡೋಕೆ ಹೋಗಿ, ತುಕ್ಕು ಹಿಡಿಯದ ಸ್ಟೀಲು ಮಾಡಿದ್ದು ಇದೇ ಊರಿನಲ್ಲಿ. ಅದಕ್ಕೂ ಮೊದಲು, 1860ರ ದಶಕದಲ್ಲಿ, ಹೆನ್ರಿ ಸಾರ್ಬಿ ಸ್ಟೀಲಿನ ತುಂಡನ್ನು ಪಾಲಿಶ್ ಮಾಡಿ, ಆಸಿಡ್ ತಾಗಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ನಾನು ಲ್ಯಾಬಿನಲ್ಲಿ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲಸ. 1905ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯ ಎದ್ದು ನಿಂತಾಗ ಸ್ಟೀಲ್ ಕೆಲಸಗಾರರೂ ಒಂದೊಂದು ಪೆನ್ನಿ ವಂತಿಗೆ ಕೊಟ್ಟಿದ್ದರು. ಹಾಗಾಗಿ ಇಲ್ಲಿ ಯಾರೂ ಕಬ್ಬಿಣ ಓದಿ ಏನ್ ಮಾಡ್ತೀಯ ಅಂತ ಕೇಳಲ್ಲ. ನಾನು ಇಲ್ಲಿ ಓದುವಾಗ ಮುರಿದ ಶಾಫ್ಟು, ಬಿರುಕು ಬಿಟ್ಟ ಗೇರು ನಮ್ಮ ಟೇಬಲ್ಲಿಗೆ ಬರ್ತಿದ್ದವು. ಯಾಕೆ ಮುರೀತು ಅಂತ ಹೇಳಬೇಕಿತ್ತು, ಪುಸ್ತಕದಲ್ಲಿ ಉತ್ತರ ಇರ್ತಿರಲಿಲ್ಲ. ಈ ವಿಷಯವನ್ನು ಇಂಥ ಊರಿನಲ್ಲೇ ಓದಬೇಕು ಅನ್ನೋದು ಅದಕ್ಕೇ.

ಹುಬ್ಬಳ್ಳಿಗೇನು ಕಮ್ಮಿ ಹೇಳಿ? ರೈಲ್ವೆ ವರ್ಕ್‌ಶಾಪ್ ಬ್ರಿಟಿಷರ ಕಾಲದ್ದು. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಿವೆ. ಆದರೆ ನಾನು ಮೊದಲು ಅಲ್ಲಿ ಓದಿದ ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ವಿಸಿಟ್ ಅಂದರೆ ಬಸ್ಸು, ಗೇಟಿನ ಮುಂದೆ ಗ್ರೂಪ್ ಫೋಟೋ, ವಾಪಸ್ ಬರುವಾಗ ಮಿರ್ಚಿ ಮಂಡಕ್ಕಿ. ಒಳಗೆ ಏನು ನೋಡಿದೆವು ಅಂತ ಒಬ್ಬರೂ ಕೇಳಲಿಲ್ಲ. ಮೆಕ್ಯಾನಿಕಲ್ ಮುಗಿಸಿ ಎಲ್ಲರೂ ಬೆಂಗಳೂರಿಗೆ ಹೋಗಿ ಕೋಡಿಂಗ್ ಕಲಿತರು, ಸುಮ್ನೆ ನಾಲ್ಕು ವರ್ಷ ಯಾಕೆ ಓದಿದೆವೋ!

ಇಲ್ಲಿಯೂ ಎಲ್ಲಾ ಚೆನ್ನಾಗಿದೆ ಅಂತಲ್ಲ, ಬಿಡಿ. 1980ರ ದಶಕದಲ್ಲಿ ಈ ಊರಲ್ಲಿ ಸಾವಿರಾರು ಜನ ಕೆಲಸ ಕಳ್ಕೊಂಡರು, ಆ ಅಜ್ಜನ ಗೆಳೆಯರೂ ಅದರಲ್ಲಿದ್ದರು. ಹೊರದೇಶದ ವಿದ್ಯಾರ್ಥಿಗಳಿಗೆ ಶುಲ್ಕ ಎಷ್ಟು ಅಂತ ಹೇಳಿದರೆ ಅಕ್ಕ ಫೋನಿಡ್ತಾಳೆ. ಇನ್ನು ಹುಬ್ಬಳ್ಳಿಯಲ್ಲೂ ಗೋಕುಲ ರಸ್ತೆಯ ಗ್ರೈಂಡಿಂಗ್ ಅಂಗಡಿಯಲ್ಲಿ ಒಬ್ಬ ಮಿಸ್ತ್ರಿ ಇದ್ದ, ಅದನ್ನೂ ಹೇಳಲೇಬೇಕು. ತುಂಡನ್ನು ಚಕ್ರಕ್ಕೆ ಹಿಡಿದು ಕಿಡಿ ನೋಡ್ತಿದ್ದ. ಉದ್ದಕ್ಕೆ ನೇರ ಹೋದರೆ ಮೆತ್ತನೆ ಸ್ಟೀಲು. ಕಿಡಿ ಕವಲೊಡೆದು ಚಿಟಿಚಿಟಿ ಸಿಡಿದರೆ ಕಾರ್ಬನ್ ಜಾಸ್ತಿ. ಸ್ಟೇನ್‌ಲೆಸ್ ಆದರೆ ಗಿಡ್ಡ, ಕೆಂಪಗಿನ ಕಿಡಿ. ಇದೇ ಪರೀಕ್ಷೆ ನಮ್ಮ ಪಠ್ಯದಲ್ಲಿ ಆಮೇಲೆ ಬಂತು. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕಿದರೆ ಅವ್ವ ಬೈತಿದ್ದಳು, ಭರಣಿಗೇ ಹಾಕಬೇಕು. ಅವಳಿಗೆ ಕಾರಣ ಯಾರೂ ಕಲಿಸಿರಲಿಲ್ಲ.

ಹುಡುಗನಿಗೆ ಸುರತ್ಕಲ್ ಎನ್‌ಐಟಿಕೆಗೆ ಪ್ರಯತ್ನಿಸು ಅಂದಿದ್ದೇನೆ, ಅಲ್ಲಿ ಈ ವಿಷಯ ಇದೆ. ಶೆಫೀಲ್ಡ್ ಆಮೇಲೆ ನೋಡೋಣ. ರಜೆಯಲ್ಲಿ ಆ ಮಿಸ್ತ್ರಿಯ ಅಂಗಡಿಯಲ್ಲಿ ಹೋಗಿ ನಿಂತ್ಕೊ ಅಂತಲೂ ಹೇಳಿದೆ. ಇದನ್ನು ಕಾಕಾಗೆ ಮಾತ್ರ ಇನ್ನೂ ಹೇಳಿಲ್ಲ.